ಜಾಲದಾಚೆಯ ಡಿಸ್ಕ್

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನ, ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರಿಗೆ ಕ್ಷೇಮ ಕೋರುವ ಒಕ್ಕಣೆಯಿಂದ ಆರಂಭವಾಗುತ್ತದೆ. ಯಾರಿಂದ, ಯಾರಿಗೆ ಎಂಬುದು ಮೊದಲು, ಆಜ್ಞೆ ಆನಂತರ. ಕಂಪ್ಯೂಟರ್ ಜಾಲದಲ್ಲಿ ಸಾಗುವ ದತ್ತಾಂಶದ ಪ್ರತಿಯೊಂದು ತುಣುಕಿಗೂ ಇಂಥದೇ ವಿಳಾಸದ ತಲೆಬರಹವಿರುತ್ತದೆ, ಅದರ ಕ್ರಮವನ್ನು ನಿಗದಿಪಡಿಸುವ ನಿಯಮಾವಳಿಯೇ ಪ್ರೊಟೊಕಾಲ್.

ಭಾರತೀಯ ವಿಜ್ಞಾನ ಸಂಸ್ಥೆಯು ಬೆಂಗಳೂರಿನಲ್ಲಿ 2022ರಲ್ಲಿ ಸ್ಥಾಪಿಸಿದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿಗೆ 4 ಪೆಟಾಬೈಟ್, ಅಂದರೆ ಸುಮಾರು 4,000 ಟೆರಾಬೈಟ್, ಸಂಗ್ರಹವಿದೆ. ಇಂಥ ಕಡೆ ಡಿಸ್ಕುಗಳು ಲೆಕ್ಕ ಮಾಡುವ ಯಂತ್ರಗಳಿಂದ ಬೇರೆಯಾಗಿದ್ದು, ಜಾಲದ ಮೂಲಕವೇ, ಪ್ರೊಟೊಕಾಲ್ ಒಂದರ ನೆರವಿನಿಂದ, ಅವುಗಳಿಗೆ ಒದಗುತ್ತವೆ.

ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿದ ಇಂಥದೊಂದು ಪ್ರೊಟೊಕಾಲ್ ಆದ ಎನ್‌ಎಫ್‌ಎಸ್‌ನಲ್ಲಿ ಕೇಳುವ ಯಂತ್ರವು ಕಡತವನ್ನು ಹೆಸರು ಹಿಡಿದು ಕೇಳುತ್ತದೆ, ಕಡತಗಳ ವ್ಯವಸ್ಥೆಯನ್ನು ಡಿಸ್ಕ್ ಇರುವ ಯಂತ್ರವೇ ನೋಡಿಕೊಳ್ಳುತ್ತದೆ. 2004ರಲ್ಲಿ ಮಾನಕವಾಗಿ ಪ್ರಕಟವಾದ ಐಸ್ಕಸಿಯ ದಾರಿ ಬೇರೆ: ಡಿಸ್ಕಿಗೆ ಕೊಡುವ ಸ್ಕಸಿ ಆದೇಶಗಳನ್ನೇ ಅದು ಇಂಟರ್ನೆಟ್ಟಿನ ಟಿಸಿಪಿ ನಿಯಮಗಳಲ್ಲಿ ಸುತ್ತಿ ಕಳುಹಿಸುವುದರಿಂದ, ದೂರದ ಡಿಸ್ಕು ತನ್ನದೇ ಒಡಲಿನಲ್ಲಿದೆಯೆಂದು ಯಂತ್ರ ಭಾವಿಸುತ್ತದೆ. ಈ ಅನುಕೂಲದಲ್ಲಿಯೇ ದೊಡ್ಡ ಅಪಾಯವೂ ಅಡಗಿದೆ. ಹಂಚಿಕೆಗೆಂದೇ ರೂಪಿಸಿದ ಕಡತವ್ಯವಸ್ಥೆಯಿಲ್ಲದೆ ಎರಡು ಯಂತ್ರಗಳು ಒಂದೇ ಡಿಸ್ಕಿಗೆ ಬರೆದರೆ, ಒಂದರ ಬರಹವನ್ನು ಇನ್ನೊಂದು ಅರಿಯದೆ ಅಳಿಸಿ, ಇಡೀ ಸಂಗ್ರಹವೇ ಕೆಡಬಹುದು.

ಎಟಿಎ ಓವರ್ ಈಥರ್ನೆಟ್ ಇನ್ನೂ ಸರಳವಾದುದು: ಇಂಟರ್ನೆಟ್ಟಿನ ಐಪಿ ವಿಳಾಸವನ್ನೇ ಬಳಸದೆ, ಡಿಸ್ಕಿಗೆ ಕೊಡುವ ಎಟಿಎ ಆದೇಶವನ್ನು ನೇರವಾಗಿ ಈಥರ್ನೆಟ್ ಚೌಕಟ್ಟಿನಲ್ಲಿ ಇಡುವುದರಿಂದ ಅದು ರೂಟರ್ ದಾಟಲಾರದು, ಗುಪ್ತಪದ ಕೇಳುವ ಏರ್ಪಾಡೂ ಅದರಲ್ಲಿಲ್ಲವಾದ್ದರಿಂದ, ಅದಕ್ಕೆ ಸಂಗ್ರಹಕ್ಕೆಂದೇ ಮೀಸಲಾದ ಪ್ರತ್ಯೇಕ ಜಾಲವೇ ಬೇಕು.