ನೆಲದ ಹೆಸರು ಹೀನಾಯದ ಹೆಸರಾಗುವ ಬಗೆ

ಜನಾಂಗವೊಂದನ್ನು ಹೀಗಳೆಯುವ ಪದಗಳು ಬೈಗುಳವಾಗಿಯೇ ಹುಟ್ಟುವುದು ವಿರಳ. ಬಹುಪಾಲು ಅವು ನುಡಿಯ ಸದ್ದಿನಿಂದಲೋ ನೆಲದ ಹೆಸರಿನಿಂದಲೋ ಹುಟ್ಟಿ, ಬಳಸುವವರ ಬಾಯಲ್ಲಿ ಕೆಡುತ್ತವೆ. ಅನ್ಯರ ಮಾತು ಗ್ರೀಕರ ಕಿವಿಗೆ 'ಬರ್ ಬರ್' ಎಂದು ಕೇಳಿಸಿತು. ಅದರಿಂದ 'ಬಾರ್ಬರೊಸ್' ಬಂದಿತು. ಸಂಸ್ಕೃತದ 'ಮ್ಲೇಚ್ಛ'ದ ಹಿಂದೆಯೂ ಅಸ್ಪಷ್ಟವಾಗಿ ನುಡಿಯುವುದೆಂಬ ಅರ್ಥವಿದೆ. 1 ಕೊರಿಂಥ 14:11ರಲ್ಲಿ ಪೌಲರು 'ಬಾರ್ಬರೊಸ್' ಪದವನ್ನು ಆಡುವವನಿಗೂ ಕೇಳುವವನಿಗೂ ಸಮನಾಗಿ ಅನ್ವಯಿಸುವುದು ಗಮನಾರ್ಹ.

ಹಾಸನ ಜಿಲ್ಲೆಯ ಪಾಳ್ಯದ ಸುತ್ತಮುತ್ತ, ಆಲೂರು-ಸಕಲೇಶಪುರದ ಕಾಫಿ ತೋಟಗಳಲ್ಲಿ ಕೇಳಿಬರುವ 'ಕೊಂಗ' ನಮಗೆ ಹತ್ತಿರದ ನಿದರ್ಶನ. ಕೊಯಮತ್ತೂರು, ಈರೋಡು, ಸೇಲಂ ಸೀಮೆಗೆ ಕೊಂಗುನಾಡೆಂಬುದು ಪ್ರಾಚೀನ ಹೆಸರು; ಅದರಲ್ಲಿ ಕೀಳೆಂಬುದೇನೂ ಇಲ್ಲ. ಕನ್ನಡದ ಆಡುಮಾತಿನಲ್ಲಿ ಅದು ಆ ಸೀಮೆಯ ಎಲ್ಲೆ ಮೀರಿ ಸಕಲ ತಮಿಳರಿಗೂ ಹರಡಿತು. ಏಕವಚನ ಬೆರೆತು, ಲೈನ್‌ಮನೆಯ ಕೂಲಿಯಾಳಿಗೆ ಅಂಟಿಕೊಂಡಿತು. ಹೀಗೆ ಕರೆಸಿಕೊಳ್ಳುವವನಿಗೆ ಸ್ವಂತ ಊರೂ ಉಳಿಯದು, ಸ್ವಂತ ಹೆಸರೂ ಉಳಿಯದು. ಈಚೆಗೆ ಅಸ್ಸಾಮಿನಿಂದ ಬಂದ ಕಾರ್ಮಿಕರನ್ನೆಲ್ಲ 'ಬಾಂಗ್ಲಾದವರು' ಎನ್ನುವುದೂ ಅದೇ ಹಾದಿಯ ಮೊದಲ ಹೆಜ್ಜೆ.

ಇಂಥ ಹೆಸರಿನ ಪೆಟ್ಟು ಧರ್ಮಸಭೆಗೂ ಬಿದ್ದಿದೆ. ಫ್ರಾಂಕ್ ಜನಾಂಗದ ಹೆಸರು ಅರಬ್ಬಿ, ಪಾರಸಿಗಳನ್ನು ಹಾದು ದಕ್ಷಿಣದಲ್ಲಿ 'ಪರಂಗಿ'ಯಾಯಿತು. ಕನ್ನಡದಲ್ಲಿ ಅದೀಗ ನಿರುಪದ್ರವಿಯಾಗಿ ಒಂದು ಹಣ್ಣಿನ ಹೆಸರಲ್ಲಿ ಉಳಿದಿದೆ. ಹದಿನೇಳನೆಯ ಶತಮಾನದ ಮದುರೆಯಲ್ಲಾದರೋ ಅದಕ್ಕೆ ಶುಚಿತ್ವವಿಲ್ಲದವನು, ಕುಡುಕನು ಎಂಬ ಧ್ವನಿಯಿತ್ತು. 1606ರಲ್ಲಿ ಅಲ್ಲಿಗೆ ಬಂದ ರೊಬೆರ್ತೊ ದೆ ನೊಬಿಲಿಯವರು ತಾವು ಪರಂಗಿಯಲ್ಲವೆಂದು ಸಾರಬೇಕಾಯಿತು. ಅವರೇನೋ ಪಾರಾದರು, ಹೆಸರು ಮಾತ್ರ ಕರಾವಳಿಯ ಬೆಸ್ತ ಕ್ರೈಸ್ತರ ಮೇಲೆಯೇ ಉಳಿಯಿತು.

"ಹೀಗಳೆಯುವ ಉದ್ದೇಶವಿಲ್ಲ, ಎಲ್ಲರೂ ಹಾಗೆಯೇ ಕರೆಯುತ್ತಾರೆ" ಎಂಬ ಸಮಾಧಾನ ಸಾಮಾನ್ಯ. ಮಾತಿನ ಪಾಪವನ್ನು ಉದ್ದೇಶದಿಂದಲೇ ಅಳೆಯುವ ಸಂತ ತೋಮಸ್ ಅಕ್ವಿನಾಸರು (ಸುಮ್ಮ, ಎರಡನೆಯ ಭಾಗದ ಎರಡನೆಯ ಖಂಡ, ಪ್ರಶ್ನೆ 72, ವಿಧಿ 2) ಇಷ್ಟಕ್ಕೆ ಒಪ್ಪುವುದಿಲ್ಲ. ವಿವೇಚನೆಯಿಲ್ಲದೆ ಆಡಿದ ಮಾತು ಇನ್ನೊಬ್ಬನ ಮಾನವನ್ನು ತೀವ್ರವಾಗಿ ಕಳೆಯುವಂತಿದ್ದರೆ, ಅವಮಾನದ ಉದ್ದೇಶವಿಲ್ಲದೆಯೂ ಅದು ಮಾರಕ ಪಾಪವಾಗಬಲ್ಲದೆಂಬುದು ಅವರ ತೀರ್ಮಾನ. ಪದದ ಮೂಲಾರ್ಥ ನಿರ್ದೋಷಿಯೆಂಬ ವಾದವೂ ಇದರ ಮುಂದೆ ನಿಲ್ಲದು.

ಕಾಫಿ ಸೀಮೆಯ ಧರ್ಮಕೇಂದ್ರಗಳಲ್ಲಿ ತೋಟದ ಮಾಲೀಕರೂ ಲೈನ್‌ಮನೆಯವರೂ ಒಂದೇ ಬಲಿಪೀಠವನ್ನು ಸಮೀಪಿಸುತ್ತಾರೆ. ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ಈ ಪದ ಕಿವಿಗೆ ಬಿದ್ದರೆ ಯಾಜಕನು ಏನು ಮಾಡಬೇಕು? ಬೆನ್ನ ಹಿಂದಿನ ನಿಂದೆಯ ಕುರಿತು ಬರೆಯುತ್ತ (ಪ್ರಶ್ನೆ 73, ವಿಧಿ 4) ಅದೇ ಅಕ್ವಿನಾಸರು, ತಡೆಯದೆ ಕೇಳಿಸಿಕೊಳ್ಳುವವನು ಅದಕ್ಕೆ ಒಪ್ಪಿದಂತೆಯೇ, ಪಾಪದಲ್ಲಿ ಪಾಲುಗಾರನೇ ಎನ್ನುತ್ತಾರೆ.