ಸಮಾಧಿಯೊಳಗಿನ ಸೀಸದ ಮುದ್ರೆ

ಪೋಪರ ಅಧಿಕೃತ ಪತ್ರಗಳನ್ನು 'ಬುಲ್' ಎಂದು ಕರೆಯುವ ವಾಡಿಕೆ ಸಭೆಯ ಇತಿಹಾಸವನ್ನು ಓದಿದವರಿಗೆಲ್ಲ ತಿಳಿದದ್ದೇ. ಆದರೆ ಆ ಹೆಸರು ಮೊದಲು ಪತ್ರಕ್ಕೆ ಸೇರಿದ್ದಲ್ಲ, ಅದರ ಕೆಳಗೆ ತೂಗುಬಿಟ್ಟ ಸೀಸದ ಮುದ್ರೆಗೆ ಸೇರಿದ್ದು. ಲತೀನಿನ 'ಬುಲ್ಲಾ' ಎಂದರೆ ನೀರ್ಗುಳ್ಳೆ, ಗುಂಡನೆಯ ವಸ್ತು. ಇಂದು ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ, ಹಾಳುಬಿದ್ದ ಮಠಗಳ ನೆಲದಲ್ಲಿ, ಕೆಲವೊಮ್ಮೆ ಸಮಾಧಿಗಳಲ್ಲಿಯೂ ಇಂಥ ಮುದ್ರೆಗಳು ದೊರೆಯುತ್ತಿವೆ. ಪತ್ರ ಬರೆದಿದ್ದ ತೊಗಲಿನ ಹಾಳೆ ಮಣ್ಣಿನಲ್ಲಿ ಕರಗಿಹೋಗಿದೆ, ಸೀಸ ಉಳಿದಿದೆ. ಮಾತು ಅಳಿದು ಅದರ ಪ್ರಮಾಣ ಮಾತ್ರ ಉಳಿದಿರುವಾಗ ಅದನ್ನು ನಾವು ಹೇಗೆ ಓದಬೇಕು?

ಮುದ್ರೆ ಸುಮಾರು 4 ಸೆಂಟಿಮೀಟರ್ ಅಗಲದ ಬಿಲ್ಲೆ. ಅದರ ರೂಪ 2ನೆಯ ಪಾಸ್ಕಲನ (1099–1118) ಕಾಲದಲ್ಲಿ ನೆಲೆಗೊಂಡಿತು. ಒಂದು ಬದಿಯಲ್ಲಿ ಪೋಪರ ಹೆಸರು, ಆ ಹೆಸರಿನವರಲ್ಲಿ ಅವರು ಎಷ್ಟನೆಯವರೆಂಬ ಅಂಕೆ. ಇನ್ನೊಂದು ಬದಿಯಲ್ಲಿ ಚುಕ್ಕೆಗಳ ಚೌಕಟ್ಟಿನೊಳಗೆ ಪೌಲ ಮತ್ತು ಪೇತ್ರರ ಮುಖಗಳು, ನಡುವೆ ಶಿಲುಬೆ. ಮುದ್ರೆಯ ಬಲಭಾಗದಲ್ಲಿ, ಅಂದರೆ ನೋಡುವವರ ಎಡಕ್ಕೆ, ಇರುವವನು ಪೌಲ. ಗೌರವದ ಆ ಸ್ಥಾನ ಪೇತ್ರನಿಗೇಕೆ ಸಲ್ಲಲಿಲ್ಲ? ಥಾಮಸ್ ಅಕ್ವಿನಾಸನು ಗಲಾತ್ಯರ ಪತ್ರಿಕೆಯ ವ್ಯಾಖ್ಯಾನದಲ್ಲಿ ಈ ಮುದ್ರೆಯನ್ನೇ ಎತ್ತಿಕೊಂಡು ಉತ್ತರ ಕೊಡುತ್ತಾನೆ: ಪೇತ್ರನನ್ನು ಕರೆದವನು ಮರ್ತ್ಯದೇಹದಲ್ಲಿದ್ದ ಕ್ರಿಸ್ತ, ಪೌಲನನ್ನು ಕರೆದವನು ಮಹಿಮೆಹೊಂದಿದ ಕ್ರಿಸ್ತ. ಈ ವಿವರಣೆ ನಮಗೆ ಒಪ್ಪಿಗೆಯಾಗದಿರಬಹುದು; ಆದರೆ ಕಚೇರಿಯ ಬಿಲ್ಲೆಯೊಂದು ದೇವಶಾಸ್ತ್ರಜ್ಞನ ಮೇಜಿನವರೆಗೆ ಬಂದಿತ್ತೆಂಬುದು ಗಮನಾರ್ಹ.

ಅನುಗ್ರಹಪತ್ರಗಳಿಗೆ ಮುದ್ರೆಯನ್ನು ಕೆಂಪು ಹಳದಿ ರೇಷ್ಮೆದಾರದಿಂದಲೂ ಆಜ್ಞಾಪತ್ರಗಳಿಗೆ ಸೆಣಬಿನ ಹುರಿಯಿಂದಲೂ ಕಟ್ಟುತ್ತಿದ್ದರು. ಮುದ್ರೆ ಒತ್ತುವ ಕೆಲಸ ಸಿಸ್ಟರ್ಸಿಯನ್ ಮಠದ ಗೃಹಸಹೋದರರದು. ಪತ್ರದ ಗುಟ್ಟು ಹೊರಬೀಳದಂತೆ ಅವರು ಓದುಬಾರದವರಾಗಿರಬೇಕಿತ್ತು! ಪೋಪ್ ತೀರಿಕೊಂಡಾಗ ಅವರ ಹೆಸರಿನ ಅಚ್ಚನ್ನು ಒಡೆದುಹಾಕುತ್ತಿದ್ದರು. ಅಪೊಸ್ತಲರ ಅಚ್ಚು ಮುಂದಿನವರಿಗೂ ನಡೆಯುತ್ತಿತ್ತು. ಇಷ್ಟೆಲ್ಲ ಎಚ್ಚರವಿದ್ದರೂ ಖೋಟಾ ಪತ್ರಗಳು ನಿಲ್ಲಲಿಲ್ಲ. 1198ರಲ್ಲಿ ಪಟ್ಟಕ್ಕೆ ಬಂದ 3ನೆಯ ಇನೊಸೆಂಟ್ ಖೋಟಾಗಾರರ ಉಪಾಯಗಳನ್ನು ಪಟ್ಟಿಮಾಡಿದರು. ನಿಜವಾದ ಮುದ್ರೆಯನ್ನು ದಾರಸಮೇತ ಬಿಡಿಸಿ ಸುಳ್ಳುಪತ್ರಕ್ಕೆ ಪೋಣಿಸುವುದೂ ಅವುಗಳಲ್ಲಿ ಒಂದು.

ಪ್ರಾಕ್ತನಶಾಸ್ತ್ರಜ್ಞರಿಗೆ ಈ ಬಿಲ್ಲೆ ಪ್ರಿಯವಾದುದು ಅದರ ಮೇಲಿನ ಹೆಸರಿನಿಂದಾಗಿ. ಪೋಪರ ಆಳ್ವಿಕೆಯ ವರ್ಷಗಳು ತಿಳಿದಿರುವುದರಿಂದ, 4ನೆಯ ಇನೊಸೆಂಟರ ಮುದ್ರೆಯಿರುವ ಸಮಾಧಿ 1243ಕ್ಕಿಂತ ಹಿಂದಿನದಾಗಿರಲಾರದು. ಆದರೆ ಪತ್ರದ ಒಕ್ಕಣೆಯ ಬಗ್ಗೆ ಸೀಸ ಮೌನವಾಗಿದೆ. ದಾರವಾದರೂ ಉಳಿದಿದ್ದರೆ ಪತ್ರದ ಬಗೆ ತಿಳಿಯುತ್ತಿತ್ತು. ಅದೂ ಸಾಮಾನ್ಯವಾಗಿ ಕೊಳೆತಿರುತ್ತದೆ.

ಸತ್ತವನ ಪಕ್ಕದಲ್ಲಿ ಪೋಪರ ಮುದ್ರೆಯನ್ನು ಕಂಡೊಡನೆ 'ಸ್ವರ್ಗಕ್ಕೆ ರಹದಾರಿ' ಎಂದು ನಗುವುದು ಸುಲಭ. ನಾವು ಹಾಗೆ ಅವಸರಪಡಲಾರೆವು. ಮಧ್ಯಯುಗದ ಬೋಧನೆಯಂತೆ ವಿಮೋಚನಾಪತ್ರವು ಪಾಪದ ಅಪರಾಧವನ್ನು ಅಳಿಸುತ್ತಿರಲಿಲ್ಲ. ಪಶ್ಚಾತ್ತಾಪಪಟ್ಟು ಪಾಪನಿವೇದನೆ ಮಾಡಿದವನಿಗೆ ಉಳಿದ ತಾತ್ಕಾಲಿಕ ದಂಡನೆಯನ್ನು ಮಾತ್ರ ಮನ್ನಿಸುತ್ತಿತ್ತು. 14ನೆಯ ಶತಮಾನದಲ್ಲಿ ಇನ್ನೊಂದು ಬಗೆಯ ಪತ್ರ ಬಹಳ ಬೇಡಿಕೆಯಲ್ಲಿತ್ತು. ಅದನ್ನು ಪಡೆದವನು ತಾನೇ ಆರಿಸಿಕೊಂಡ ಗುರುವಿನಿಂದ ಮರಣದ ಗಳಿಗೆಯಲ್ಲಿ ಒಮ್ಮೆ ಪೂರ್ಣ ವಿಮೋಚನೆಯನ್ನು ಹೊಂದಬಹುದಾಗಿತ್ತು. ಮಹಾಮಾರಿಯ ವರ್ಷಗಳಲ್ಲಿ ಪಟ್ಟದಲ್ಲಿದ್ದ 6ನೆಯ ಕ್ಲೆಮೆಂಟ್ (1342–1352) ಇಂಥವನ್ನು ಧಾರಾಳವಾಗಿ ಕೊಟ್ಟರು. ಈ ಪತ್ರ ಹೆಸರು ಹಿಡಿದು ಬರೆದದ್ದು. ಮತ್ತೊಬ್ಬನ ಉಪಯೋಗಕ್ಕೆ ಬಾರದು. ಹಾಸಿಗೆಯ ಬಳಿ ಗುರು ವಿಮೋಚನೆಯನ್ನು ನುಡಿದು ಮುಗಿಸಿದ ಮೇಲೆ ಮನೆಯವರು ಅದನ್ನು ಏನು ಮಾಡಬೇಕು? ಪೆಟ್ಟಿಗೆಯಲ್ಲಿಡುವುದಕ್ಕಿಂತ ಯಾರದೋ ಅವರ ಜೊತೆಗೇ ಕಳುಹಿಸುವುದು ಅವರಿಗೆ ಉಚಿತವೆನಿಸಿರಬಹುದು. ಎಲ್ಲ ಸಮಾಧಿಗಳ ಕಥೆಯೂ ಇದೇ ಎಂದು ನಾವು ಸಾಧಿಸಲು ಹೊರಟಿಲ್ಲ. ಪತ್ರದಲ್ಲಿ ಸತ್ತವನ ಹೆಸರಿತ್ತು. ಮುದ್ರೆಯಲ್ಲಿ ಇದ್ದದ್ದು ಪೋಪರ ಹೆಸರೊಂದೇ.