ಲೇತ್‌ನಲ್ಲಿ ಟೂಲಿನ ತುದಿ ಎಷ್ಟು ಎತ್ತರದಲ್ಲಿರಬೇಕು?

ಪಂಪಿನ ಶಾಫ್ಟ್, ಟ್ರ್ಯಾಕ್ಟರಿನ ಪಿನ್, ಬುಶ್ ಕೆಟ್ಟರೆ ನಮ್ಮ ರೈತರು ಹೋಗುವುದು ಲೇತ್ ಅಂಗಡಿಗೆ. ಲೇತ್ ನಮ್ಮ ಭಾಗಕ್ಕೆ ಹೊಸದಲ್ಲ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಂಪನಿ ಹರಿಹರದಲ್ಲಿ ಲೇತ್‌ಗಳನ್ನು ತಯಾರಿಸುತ್ತಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೂ ಹರಿಹರ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು.

ಪಿಯುಸಿ ಮುಗಿಸಿ ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಸೇರುವವರು ವರ್ಕ್‌ಶಾಪಿನಲ್ಲಿ ಕಲಿಯುವ ಮೊದಲ ಪಾಠಗಳಲ್ಲಿ ಇದೂ ಒಂದು: ಟೂಲಿನ ತುದಿ, ತಿರುಗುವ ಜಾಬ್‌ನ ಕೇಂದ್ರದ ಎತ್ತರಕ್ಕೆ ಸರಿಯಾಗಿರಬೇಕು.

ಏಕೆ? ಟೂಲಿನ ತುದಿಯ ಕೆಳಭಾಗ ಜಾಬ್‌ಗೆ ಉಜ್ಜದಿರಲೆಂದು ಅದನ್ನು ಸುಮಾರು 8 ಡಿಗ್ರಿ ಒಳಕ್ಕೆ ಓರೆಯಾಗಿ ಸಾಣೆ ಹಿಡಿಯುತ್ತಾರೆ. ಇದೇ ಕ್ಲಿಯರೆನ್ಸ್ ಕೋನ. ತುದಿ ಕೇಂದ್ರಕ್ಕಿಂತ ಮೇಲಿದ್ದರೆ ಈ ಕೋನ ಕಡಿಮೆಯಾಗುತ್ತದೆ. ಎಷ್ಟು ಎಂಬುದಕ್ಕೆ ನೀವು ಕಲಿತ ತ್ರಿಕೋನಮಿತಿಯೇ ಸಾಕು: ಎತ್ತರದ ವ್ಯತ್ಯಾಸವನ್ನು ಜಾಬ್‌ನ ತ್ರಿಜ್ಯದಿಂದ ಭಾಗಿಸಿದರೆ ಆ ಕೋನದ ಸೈನ್ ಬೆಲೆ ಸಿಗುತ್ತದೆ. ವ್ಯತ್ಯಾಸ ಅರ್ಧ ಮಿಲಿಮೀಟರ್ ಎಂದುಕೊಳ್ಳಿ. 40 ಮಿ.ಮೀ. ವ್ಯಾಸದ ಜಾಬ್‌ನಲ್ಲಿ ಕಡಿಮೆಯಾಗುವುದು ಸುಮಾರು 1.4 ಡಿಗ್ರಿ ಮಾತ್ರ. 5 ಮಿ.ಮೀ. ಜಾಬ್‌ನಲ್ಲಾದರೆ 11.5 ಡಿಗ್ರಿ! ಆಗ ಟೂಲ್ ಕತ್ತರಿಸುವುದಿಲ್ಲ, ಬರೀ ಉಜ್ಜಿ ಬಿಸಿಯಾಗುತ್ತದೆ. ಜಾಬ್ ಸಣ್ಣದಾದಷ್ಟೂ ಎಚ್ಚರ ಹೆಚ್ಚಿರಬೇಕು.

ತುದಿ ಕೆಳಗಿದ್ದರೆ ತೆಳ್ಳಗಿನ ಜಾಬ್ ಟೂಲಿನ ಮೇಲೆ ಹತ್ತಿ ಬಾಗಬಹುದು, ಟೂಲೂ ಮುರಿಯಬಹುದು. ಫೇಸಿಂಗ್ ಮಾಡಿದಾಗ ನಡುವೆ ಸಣ್ಣ ಮೊಳೆಯಂಥ ಭಾಗ ಉಳಿಯುತ್ತದೆ. ಅದರ ವ್ಯಾಸ ಎತ್ತರದ ವ್ಯತ್ಯಾಸದ ಎರಡರಷ್ಟು.

ಪರೀಕ್ಷಿಸುವುದು ಹೇಗೆ? ಟೂಲಿನ ತುದಿಯನ್ನು ಟೇಲ್‌ಸ್ಟಾಕಿನ ಸೆಂಟರಿನ ಮೊನೆಗೆ ಹೋಲಿಸಿ ನೋಡುವುದು ಒಂದು ಕ್ರಮ. ಇನ್ನೊಂದಕ್ಕೆ ತೆಳು ಸ್ಟೀಲ್ ಸ್ಕೇಲ್ ಸಾಕು. ಮೆಷಿನ್ ಪೂರ್ತಿ ನಿಲ್ಲಿಸಿ, ದುಂಡಗಿನ ಜಾಬ್ ಮತ್ತು ಟೂಲಿನ ತುದಿಯ ನಡುವೆ ಸ್ಕೇಲನ್ನು ಹಗುರವಾಗಿ ಸಿಕ್ಕಿಸಿ. ನೆಟ್ಟಗೆ ನಿಂತರೆ ಎತ್ತರ ಸರಿಯಿದೆ. ಸ್ಕೇಲಿನ ಮೇಲ್ತುದಿ ನಿಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ. ಆಚೆ ವಾಲಿದರೆ ಮೇಲಿದೆ. ಟೂಲಿನ ಕೆಳಗೆ ತಗಡಿನ ಪಟ್ಟಿ ಸೇರಿಸಿ ಅಥವಾ ತೆಗೆದು ಸರಿಪಡಿಸಿ. ಬೋಲ್ಟ್ ಬಿಗಿದಾಗ ಎತ್ತರ ತುಸು ಬದಲಾಗಬಹುದು, ಆದ್ದರಿಂದ ಬಿಗಿದ ಮೇಲೂ ಪರೀಕ್ಷಿಸಿ. ಸ್ಕೇಲನ್ನು ತೆಗೆದಿಟ್ಟ ನಂತರವೇ ಮೆಷಿನ್ ಚಾಲೂ ಮಾಡಿ.

ಇದಕ್ಕೆ ಹಿಡಿಯುವುದು ಎರಡು ನಿಮಿಷ. ಆ ಎರಡು ನಿಮಿಷ ಟೂಲನ್ನೂ ಜಾಬನ್ನೂ ಉಳಿಸುತ್ತದೆ.